ಎಣ್ಣೆ ಮುಟ್ಟಬಾರದ ಕೈಗಳು

ಅದು ೧೯೮೪ನೇ ಇಸವಿ. ನನ್ನ ಮಗ ಬಸು ಆಗಿನ್ನೂ ಐದು ತಿಂಗಳ ಕೂಸು. ಗದಗಿನ ತವರುಮನೆಯಲ್ಲಿ ಬಾಣಂತನ ಮುಗಿಸಿಕೊಂಡು ಬೆಂಗಳೂರಿಗೆ ಬಂದಿದ್ದೆ. ಯಲಹಂಕದ ಪುಟ್ಟೇನಹಳ್ಳಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ನಮ್ಮ ಯಜಮಾನರಿಗೆ ಯಶವಂತಪುರದ ಕಡೆ ಕೆಲಸ. ಮೊದಲ ಪಾಳಿಯಾದ್ದರಿಂದ ಕೋಳಿ ಕೂಗುವ ಹೊತ್ತಿಗೇ ಹೊರಟುಬಿಡುತ್ತಿದ್ದರು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವಳು. ಹೆಬ್ಬಾಳದ ಆಚೆ ಒಂದು ಸಣ್ಣ ಕಾರ್ಖಾನೆಯಲ್ಲಿ ಡ್ರಾಯಿಂಗ್ ಬರೆಯುವ ಕೆಲಸ ಸಿಕ್ಕಿತು. ಕೂಸು ಚಿಕ್ಕದು, ಈಗಲೇ ಬೇಡ ಎಂದು ಎರಡೂ ಮನೆಯವರು ಹೇಳಿದರು. ನಾನು ಕೇಳಲಿಲ್ಲ. ಹೆಣ್ಣುಮಕ್ಕಳಿಗೆ ಆ ಕೆಲಸ ಕೊಡುವವರೇ ಅಪರೂಪವಾಗಿದ್ದ ಕಾಲ ಅದು, ಮತ್ತೆ ಸಿಗುತ್ತದೆ ಎಂಬ ನಂಬಿಕೆ ನನಗಿರಲಿಲ್ಲ.

ಹಗಲು ಹೊತ್ತು ಬಸುವನ್ನು ನೋಡಿಕೊಳ್ಳುತ್ತಿದ್ದವರು ಮನೆ ಒಡತಿ ಪಿಳ್ಳಮ್ಮ. ಅವರದು ಆ ಊರಲ್ಲೇ ಹಳೆಯ ಮನೆತನ. ಗಂಡ ತೀರಿಹೋಗಿದ್ದರು. ಎರಡು ಎಮ್ಮೆ, ಒಂದಿಷ್ಟು ಸೊಪ್ಪಿನ ಮಡಿ, ನಮ್ಮಂಥ ಬಾಡಿಗೆಯವರು, ಇದೇ ಅವರ ಸಂಸಾರ. ಬಾಯಿ ಜೋರು. ನಾನು ಮೊದಲ ದಿನವೇ "ಅಜ್ಜಿ" ಎಂದು ಕರೆದದ್ದಕ್ಕೆ, "ನಾನೇನವ್ವ ಅಷ್ಟು ಮುದ್ಕೀನಾ?" ಎಂದು ಜಗಳಕ್ಕೇ ಬಂದಿದ್ದರು. ಆದರೆ ಕೂಸನ್ನು ನೋಡಿಕೊಳ್ಳಲು ಕೇಳಿದಾಗ ತಕ್ಷಣ ಒಪ್ಪಿದರು. ಒಂದೇ ಒಂದು ಷರತ್ತು.

"ತೊಟ್ಲು ತೂಗ್ತೀನಿ, ಎತ್ಕಂಡು ಓಡಾಡ್ತೀನಿ, ಗಂಜಿ ಕುಡಿಸ್ತೀನಿ. ಎಣ್ಣೆ ನೀರು ಮಾತ್ರ ನೀನೇ ಆಕ್ಬೇಕು ಸಾರದಮ್ಮ. ಅದ್ ನನ್ ಕೈಲಿ ಬ್ಯಾಡ."

ಶಾರದಾ ಎಂಬ ನನ್ನ ಹೆಸರು ಅವರ ಬಾಯಲ್ಲಿ ಕೊನೆಯವರೆಗೂ ಸಾರದಮ್ಮ ಆಗಿಯೇ ಉಳಿಯಿತು. ಇರಲಿ, ವಯಸ್ಸಾದವರು, ಸೊಂಟ ಬಗ್ಗುವುದಿಲ್ಲವೇನೋ ಎಂದುಕೊಂಡೆ. ಬೆಳಗ್ಗೆ ಎದ್ದು ಬಸುವಿನ ನೆತ್ತಿಗೆ ಹರಳೆಣ್ಣೆ ತಟ್ಟಿ, ಮೈಗೆ ಕೊಬ್ಬರಿ ಎಣ್ಣೆ ತಿಕ್ಕಿ, ಬಿಸಿನೀರು ಎರೆದು, ಹಾಲು ಕುಡಿಸಿ, ಅವರ ಕೈಗೆ ಕೊಟ್ಟು ನಾನು ಬಸ್ಸು ಹಿಡಿಯುತ್ತಿದ್ದೆ.

ನಮ್ಮ ಕಾರ್ಖಾನೆಯಲ್ಲಿ ಮಾಡುತ್ತಿದ್ದದ್ದು ಸ್ಯಾಂಡ್‌ವಿಚ್ ಹಲಗೆಗಳನ್ನು. ಆ ಹೆಸರು ಕೇಳಿ ನಮ್ಮ ಮಾವನವರು ಸೊಸೆ ಬೇಕರಿಗೆ ಸೇರಿದ್ದಾಳೆ ಎಂದು ಊರಿಗೆಲ್ಲ ಹೇಳಿದ್ದರು! ಪಿಳ್ಳಮ್ಮನಿಗೆ ನಾನು ಹೋಳಿಗೆಯ ಲೆಕ್ಕದಲ್ಲಿ ತಿಳಿಸಿ ಹೇಳಿದ್ದೆ. ಮೇಲೊಂದು ಕೆಳಗೊಂದು ತೆಳ್ಳನೆಯ ಅಲ್ಯೂಮಿನಿಯಂ ತಗಡು, ಅದು ಕಣಕ. ನಡುವೆ ಜೇನುಗೂಡಿನ ಹಾಗೆ ತೂತುತೂತಾದ ಹಗುರವಾದ ಹೂರಣ. ಎರಡನ್ನೂ ಅಂಟು ಹಾಕಿ ಕೂಡಿಸಿದರೆ, ಒಬ್ಬರೇ ಎತ್ತುವಷ್ಟು ಹಗುರ, ಆದರೆ ಹತ್ತು ಜನ ನಿಂತರೂ ಬಗ್ಗದಷ್ಟು ಗಟ್ಟಿ. ಭಾರ ಹೊರುವುದು ತಗಡುಗಳೇ. ಅವೆರಡನ್ನು ದೂರ ಹಿಡಿದು ನಿಲ್ಲಿಸುವುದಷ್ಟೇ ಜೇನುಗೂಡಿನ ಕೆಲಸ. ಅಂಟು ಬಿಟ್ಟಿತೋ, ಆ ಹಲಗೆ ರದ್ದಿಗೂ ಬೇಡ.

ಹಳ್ಳಿಹಳ್ಳಿ ಸುತ್ತುವ ಕಣ್ಣಿನ ಆಸ್ಪತ್ರೆಯ ವ್ಯಾನೊಂದಕ್ಕೆ ನೆಲದ ಹಲಗೆ ಮಾಡಿಕೊಡುವ ಕೆಲಸ ನಮಗೆ ಬಂತು. ವ್ಯಾನು ಹಳೆಯದು, ಮರದ ನೆಲ ಹಾಕಿದರೆ ಆ ತೂಕಕ್ಕೇ ಕುಸಿಯುತ್ತದೆ. ಲೆಕ್ಕ ಹಾಕಿ ಡ್ರಾಯಿಂಗ್ ಬರೆದವಳು ನಾನು. ನಮ್ಮ ಮೇಲಧಿಕಾರಿ ಕೇಶವಮೂರ್ತಿಯವರದು ಒಂದು ನಿಯಮವಿತ್ತು. "ಬರೆದೋರೇ ಒಂದ್ಸಲ ಅಂಟು ಹಾಕ್ಬೇಕು ಕಣ್ರೀ, ಆಗ್ಲೇ ಗೊತ್ತಾಗೋದು ಕಷ್ಟ ಏನು ಅಂತ" ಎನ್ನುತ್ತಿದ್ದರು. ಹೀಗಾಗಿ ಪರೀಕ್ಷೆಯ ಹಲಗೆಗಳನ್ನು ನಾನೇ ಕೈಯಾರೆ ಕೂಡಿಸಬೇಕಾಯಿತು.

ಮೊದಲ ಹಲಗೆ ಕೆಟ್ಟಿತು. ಎರಡನೆಯದೂ ಕೆಟ್ಟಿತು. ಕೇಶವಮೂರ್ತಿಯವರು ಒಂದು ರೂಪಾಯಿ ನಾಣ್ಯ ಹಿಡಿದು ಹಲಗೆಯ ಮೇಲೆಲ್ಲ ಬಡಿಯುತ್ತಾ ಹೋದರು. ಅಂಟು ಹಿಡಿದ ಕಡೆ 'ಟಣ್' ಎನ್ನುತ್ತದೆ, ಬಿಟ್ಟ ಕಡೆ 'ದೊಪ್' ಎನ್ನುತ್ತದೆ. ನನ್ನ ಹಲಗೆ ಅಲ್ಲಲ್ಲಿ ದೊಪ್ ದೊಪ್ ಎನ್ನುತ್ತಿತ್ತು. ಅವರು, ನಾನು ಆಗ ತಾನೇ ತೊಳೆದು ತಂದಿಟ್ಟಿದ್ದ ಹೊಸ ತಗಡಿನ ಮೇಲೆ ಒಂದು ಲೋಟ ನೀರು ಸುರಿದರು. ಶುದ್ಧವಾದ ತಗಡಿನ ಮೇಲೆ ನೀರು ಒಂದೇ ಹಾಳೆಯಂತೆ ಹರಡಬೇಕು. ನಾನು ಹಿಡಿದಿದ್ದ ಅಂಚಿನಲ್ಲಿ ಮಾತ್ರ ಅದು ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಒಡೆದು ಹನಿಹನಿಯಾಯಿತು.

"ಶಾರದಾ, ಕೈಗೆ ಏನ್ ಹಚ್ಕೋತೀರಿ ನೀವು?"

"ಏನೂ ಇಲ್ರಿ ಸರ್. ಗ್ಲೌಸ್ ಹಾಕ್ಕೊಂಡೇ ಹಿಡಿದೇನ್ರಿ" ಎಂದೆ. ಆಮೇಲೆ ನೆನಪಾಯಿತು. "ಮುಂಜಾನೆ ಕೂಸಿಗೆ ಎಣ್ಣಿ ಹಚ್ಚಿ ಎರಿತೇನ್ರಿ. ಆದ್ರ ಸಾಬೂನು ಹಾಕಿ ತಿಕ್ಕಿ ತೊಳಕೊಂಡೇ ಬರ್ತೇನ್ರಿ."

ಅವರು ಬೈಯಲಿಲ್ಲ. ಬೈದಿದ್ದರೂ ಚೆನ್ನಾಗಿತ್ತು. "ದಿನಾ ಉಜ್ಜಿದ ಎಣ್ಣೆ ಚರ್ಮದೊಳಗೆ ಇಳಿದಿರುತ್ತಮ್ಮ. ಬೆವರಿನ ಜೊತೆ ಬಟ್ಟೆ ಗ್ಲೌಸ್ ದಾಟಿ ಬರುತ್ತೆ. ಜಿಡ್ಡಿದ್ದ ಕಡೆ ಅಂಟು ಹಿಡಿಯಲ್ಲ. ಪರೀಕ್ಷೆಗೆ ಅಂತ ಕೊಟ್ಟಿದ್ರಲ್ಲಿ ಇನ್ನು ಒಂದೇ ಒಂದು ಹಲಗೆಗಾಗೋಷ್ಟು ಜೇನುಗೂಡು ಉಳಿದಿದೆ. ಇದೂ ಹೋದ್ರೆ ಆರ್ಡರ್ ಹೋಗುತ್ತೆ. ಆಮೇಲೆ ನಿಮ್ಮನ್ನ ಖಾಯಂ ಮಾಡಿ ಅಂತ ನಾನು ಯಾವ ಬಾಯಲ್ಲಿ ಕೇಳ್ಲಿ? ಸ್ವಲ್ಪ ದಿನ ಎಣ್ಣೆ ಮುಟ್ಲೇಬೇಡಿ. ತಲೆಗೂ ಬೇಡ" ಎಂದರು.

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ. ತಾಯಿಯ ಕೈ ಕೆಲಸಕ್ಕೆ ಬಾರದು, ಕೆಲಸದ ಕೈ ಕೂಸಿಗೆ ಬಾರದು, ಇದೆಂಥ ಹಣೆಬರಹ ಎನಿಸಿತು.

ಎಣ್ಣೆಯನ್ನೇ ಬಿಟ್ಟರಾಯಿತು ಎಂದು ಮರುದಿನ ಬರೀ ನೀರು ಎರೆದೆ. ಬಸು ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗು, ಕಾಲುಗಳು ಕಡ್ಡಿಯಂತಿದ್ದವು. ದಿನವೂ ಉಜ್ಜಿಸಿಕೊಂಡು ರೂಢಿಯಾದವನು ಅಂದು ಇಡೀ ದಿನ ನಿದ್ದೆ ಮಾಡದೆ ಅತ್ತ. ಸಂಜೆ ನಾನು ಬಂದಾಗ ಪಿಳ್ಳಮ್ಮ ಅವನನ್ನು ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ಸುತ್ತುತ್ತಿದ್ದರು. ನಾನು ಅಲ್ಲೇ ಜಗಲಿಯ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ.

ಪೂರ್ತಿ ಕೇಳಿ ಪಿಳ್ಳಮ್ಮ, "ಓ, ಮಡಿ ಅನ್ನು! ನಮ್ ಸ್ಯಾನುಬೋಗ್ರ ಮನೆ ಅಡ್ಗೆ ಕ್ವಾಣೆ ಇದ್ದಂಗೆ. ಮುಟ್ಬಾರ್ದು, ಸೋಕಬಾರ್ದು. ಅದಕ್ಯಾಕ್ ಅಳ್ತೀಯಾ?" ಎಂದರು.

"ಅದಕ್ಕಽ ಕೇಳ್ತೇನಜ್ಜಿ. ಸ್ವಲ್ಪ ದಿನ ನೀವಽ ಎಣ್ಣಿ ಹಚ್ಚಿ ಎರೀರಿ."

ಅವರ ಮುಖ ಸಪ್ಪೆಯಾಯಿತು. "ಅದೊಂದ್ ಬ್ಯಾಡ ಸಾರದಮ್ಮ. ಮೊದ್ಲೇ ಏಳಿದ್ನಲ್ಲ."

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಬಿಡ್ರಿ, ನಾವು ಬಾಡಿಗಿ ಮಂದಿ. ನಮ್ಮ ಕೂಸಿಗೆ ಯಾಕ ನಿಮ್ಮ ಕೈ ಎಣ್ಣಿ ಮಾಡ್ಕೋತೀರಿ" ಎಂದುಬಿಟ್ಟೆ.

ಸದಾ ಒಂದಕ್ಕೆರಡು ಉತ್ತರ ಕೊಡುವ ಹೆಂಗಸು ಅಂದು ಜಗಳಕ್ಕೆ ಬರಲಿಲ್ಲ. ಬಸುವನ್ನು ನನ್ನ ಮಡಿಲಲ್ಲಿ ಮಲಗಿಸಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೇಳಿದರು. "ಮಕ್ಳಾಗ್ದಿರೋ ಕೈ ಕಣವ್ವ ಇದು. ನಮ್ ಬೀದೀಲಿ ಯಾವ್ ಮನೇಲಿ ಕೂಸು ಉಟ್ಟಿದ್ರೂ ನೀರು ಕಾಯ್ಸಕ್ಕೆ ನನ್ನ ಕರೀತಿದ್ರು. ನೆತ್ತಿಗೆ ಎಣ್ಣೆ ಇಡೋವಾಗ ಮಾತ್ರ 'ಪಿಳ್ಳಮ್ಮ, ನೀನ್ ವಸಿ ಆಚೆಗಿರು' ಅನ್ನೋರು. ಬಂಜೆ ಕೈ ಮುಟ್ಟಿದ್ರೆ ಕೂಸು ಏಳ್ಗೆ ಆಗಲ್ವಂತೆ. ಅವ್ವ ಅನ್ನಿಸ್ಕಳ್ದೇ ನಿನ್ ಬಾಯಲ್ಲಿ ಅಜ್ಜಿ ಆದೆ ನೋಡು. ನಾಳೆ ನಿನ್ ಮಗಂಗೆ ಒಂದು ಎಚ್ಚುಕಮ್ಮಿ ಆದ್ರೆ ನಾನ್ ಎಂಗವ್ವ ಬದುಕ್ಲಿ?"

ಅವರು ಎಣ್ಣೆಗೆ ಹೇಸುತ್ತಿದ್ದಾರೆ ಎಂದುಕೊಂಡಿದ್ದೆನಲ್ಲ! ಹಿರಿಯರ ಹಾಗೆ ಸಮಾಧಾನ ಹೇಳುವ ವಯಸ್ಸು ನನ್ನದಲ್ಲ. ಬಸುವನ್ನು ಎತ್ತಿಕೊಂಡು ಒಳಗೆ ಹೋದೆ.

ಬೆಳಗ್ಗೆ ಬಚ್ಚಲ ಒಲೆಗೆ ಉರಿ ಹಾಕಿ, ಬಸುವನ್ನು ಎತ್ತಿಕೊಂಡು ಅವರ ಬಾಗಿಲಿಗೆ ಹೋದೆ. "ಅಜ್ಜಿ, ಕಾಲು ಚಾಚಿ ಕೂಡ್ರಿ" ಎಂದೆ.

"ಬ್ಯಾಡ ಕಣೇ..."

"ಇವ ನನ್ನ ಮಗ ಹೌದಿಲ್ಲೋ? ಯಾರ ಕೈ ಇವಗ ಆಗಿಬರತೈತಿ ಅಂತ ನಾನು ಹೇಳಬೇಕು, ನಿಮ್ಮ ಬೀದಿ ಮಂದಿ ಅಲ್ಲ. ಕೂಡ್ರಿ."

ಅವರು ಗೋಡೆಗೆ ಒರಗಿ ಕುಳಿತು ಸೀರೆಯನ್ನು ಮೊಣಕಾಲಿಗೆ ಸರಿಸಿ ಕಾಲು ಚಾಚಿದರು. ಬಸುವನ್ನು ಆ ಕಾಲುಗಳ ಮೇಲೆ ಮಲಗಿಸಿ ನಾನು ದೂರ ನಿಂತೆ. ಎಣ್ಣೆಯ ಬಟ್ಟಲನ್ನು ಕೂಡ ಮುಟ್ಟುವಂತಿರಲಿಲ್ಲವಲ್ಲ, ಅವರೇ ಎಳೆದುಕೊಳ್ಳಬೇಕಾಯಿತು. ಬೆರಳನ್ನು ಎಣ್ಣೆಯಲ್ಲಿ ಅದ್ದಿ ನೆತ್ತಿಯ ಹತ್ತಿರ ತಂದರು, ನಿಲ್ಲಿಸಿದರು. ನನ್ನ ಮುಖ ನೋಡಿದರು. ನಾನು "ಹೂಂ" ಎಂದೆ.

ಒಂದು ಸಲ ನೆತ್ತಿ ಮುಟ್ಟಿದ ಮೇಲೆ ಆ ಕೈ ನಿಲ್ಲಲಿಲ್ಲ. ತೊಡೆ, ಮೊಣಕಾಲು, ಪಾದ, ಒಂದೊಂದೇ ಬೆರಳು. ಎಲ್ಲೂ ತಡವರಿಸಲಿಲ್ಲ. ಇಷ್ಟು ವರ್ಷ ಬಾಗಿಲಾಚೆ ನಿಂತು ನೋಡಿಯೇ ಎಲ್ಲವನ್ನೂ ಕಲಿತಿದ್ದರು. ಬಸು ಬೊಚ್ಚುಬಾಯಿ ತೆರೆದು ನಗುತ್ತಿದ್ದ. ಪಿಳ್ಳಮ್ಮ ಮಾತ್ರ ಒಂದು ಕಡೆ ಉಜ್ಜುತ್ತಾ ಇನ್ನೊಂದು ಕಡೆ ಅಳುತ್ತಿದ್ದರು. ನನಗೂ ತಡೆಯಲಾಗಲಿಲ್ಲ. ಅವರಿಗಾಗಿ ಎಷ್ಟು ಅತ್ತೆನೋ, ನನ್ನ ಕೂಸನ್ನು ನಾನು ಮುಟ್ಟಲಾರೆನಲ್ಲ ಎಂದು ಎಷ್ಟು ಅತ್ತೆನೋ, ಈಗಲೂ ಹೇಳಲಾರೆ.

ಅಂದಿನಿಂದ ನನ್ನ ಮಡಿಯ ಉಸ್ತುವಾರಿಯೂ ಅವರದೇ ಆಯಿತು. ಸ್ನಾನ ಮುಗಿದ ಮೇಲೆ ಮೊದಲು ಬಸುವಿನ ಮೈಯನ್ನು ಕಡಲೆಹಿಟ್ಟಿನಿಂದ ತಿಕ್ಕಿ, ಒರೆಸಿ, ಬಟ್ಟೆ ಸುತ್ತಿ, ಆಮೇಲೆ ಹಾಲಿಗೆ ನನ್ನ ಹತ್ತಿರ ಬಿಡುತ್ತಿದ್ದರು. ಒಗ್ಗರಣೆಯನ್ನೂ ತಾವೇ ಹಾಕುತ್ತಿದ್ದರು. ಮೂರನೇ ಹಲಗೆಗೆ ಅಂಟು ಹಾಕುವ ದಿನವಂತೂ ಬಸ್ ಸ್ಟಾಪಿನವರೆಗೂ ನನ್ನ ಮುಂದೆ ಮುಂದೆ ನಡೆದು, "ದಾರಿ ಬಿಡ್ರಪ್ಪೋ, ಯಾರೂ ಸೋಕಬ್ಯಾಡಿ, ಈಯಮ್ಮ ಮಡೀಲವ್ಳೆ" ಎಂದು ಕೂಗಿಕೊಂಡು ಬಂದರು. ಕ್ಯೂನಲ್ಲಿದ್ದವರು ನಾನು ಯಾವುದೋ ದೇವಸ್ಥಾನಕ್ಕೆ ಹೊರಟಿದ್ದೇನೆ ಎಂದು ಕೈ ಮುಗಿದು ಪಕ್ಕಕ್ಕೆ ಸರಿದರು. ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಎನಿಸಿತು.

ತಗಡಿನ ಮೇಲೆ ನೀರು ಸುರಿದೆವು. ಒಂದು ಕಡೆಯೂ ಒಡೆಯಲಿಲ್ಲ. ಅಂಟು ಕಲಸಿದ ಮೇಲೆ ಅದು ಗಟ್ಟಿಯಾಗುವ ಮೊದಲೇ ಎಲ್ಲ ಮುಗಿಸಬೇಕು. ಉಸಿರು ಬಿಗಿಹಿಡಿದು ಮುಗಿಸಿ, ಮೇಲೆ ಮರಳಿನ ಚೀಲ ಹೇರಿ ಬಂದೆ. ಮರುದಿನ ಕೇಶವಮೂರ್ತಿಯವರು ನಾಣ್ಯವನ್ನು ನನ್ನ ಕೈಗೇ ಕೊಟ್ಟರು. ಬಡಿಯುತ್ತಾ ಹೋದೆ. ಟಣ್, ಟಣ್, ಟಣ್. ಈ ತುದಿಯಿಂದ ಆ ತುದಿಯವರೆಗೆ ಬೇರೆ ಸದ್ದೇ ಇಲ್ಲ. ಎರಡೂ ತುದಿಗೆ ಆಸರೆ ಕೊಟ್ಟು, ನಡುವೆ ನಾವೆಲ್ಲ ಹತ್ತಿ ನಿಂತೆವು. ಹಲಗೆ ಜಗ್ಗಲಿಲ್ಲ.

ಆ ವಾರವೇ ನನ್ನ ಕೆಲಸ ಖಾಯಂ ಆಯಿತು. "ನಿಮ್ಮ ಅಂಟಿನ ಕೆಲಸ ಮುಗೀತು. ವ್ಯಾನಿನ ಹಲಗೆಗಳನ್ನ ಹುಡುಗರು ಕೂಡಿಸ್ತಾರೆ. ಇನ್ನು ಡ್ರಾಯಿಂಗ್ ಟೇಬಲ್‌ಗೆ ಬನ್ನಿ. ಕೂಸಿಗೆ ಧಾರಾಳವಾಗಿ ಎಣ್ಣೆ ಹಚ್ಚಿ" ಎಂದು ಕೇಶವಮೂರ್ತಿಯವರು ನಕ್ಕರು. ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ನಾಳೆಯಿಂದ ನನ್ನ ಕೂಸಿಗೆ ನಾನೇ ಎಣ್ಣೆ ಹಚ್ಚುತ್ತೇನೆ ಎಂಬುದೊಂದೇ ತಲೆಯಲ್ಲಿತ್ತು.

ಪಿಳ್ಳಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಕೆಲಸ ಉಳಿಯಿತು ಎಂದಾಗ ನನ್ನ ಎರಡೂ ಕೆನ್ನೆ ಸವರಿ ನೆಟಿಕೆ ಮುರಿದರು. ಆಮೇಲೆ, ಯಾವುದೋ ಬೇರೆ ವಿಷಯ ಕೇಳುವವರ ಹಾಗೆ ಬಸುವಿನ ಅಂಗಿ ಮಡಚುತ್ತಾ, "ಅಂಗಾರೆ ನಿನ್ ಮಡಿ ಮುಗೀತಾ ಸಾರದಮ್ಮ?" ಎಂದರು.

ಮುಗಿಯಿತು ಎನ್ನಲು ಬಾಯಿ ತೆರೆದೆ. ಅವರ ಮುಖ ನೋಡಿ ಆಗಲಿಲ್ಲ. "ಎಲ್ಲಿ ಮುಗಿತೈತಜ್ಜಿ! ಇನ್ನೂ ಬಾಳ ಹಲಗಿ ಅದಾವ" ಎಂದೆ. "ಓಗ್ಲಿ ಬಿಡು, ನಾನಿವ್ನಿ" ಎಂದು ಅವರು ಎದ್ದು ಎಣ್ಣೆ ಬಟ್ಟಲು ತೊಳೆಯಲು ಹೋದರು.

ಹೀಗೆ ಒಂದೆರಡು ತಿಂಗಳು ನಡೆಯಿತು. ನಾನು ದಿನವೂ ಕೈ ಹಿಂದೆ ಕಟ್ಟಿಕೊಂಡು ನಿಂತು ನೋಡುತ್ತಿದ್ದೆ. ಬಸುವಿನ ಕಾಲುಗಳು ತುಂಬಿಕೊಂಡಿದ್ದವು, ಪಾದಕ್ಕೆ ಅಂಗೈ ಒಡ್ಡಿದರೆ ಒದೆಯುತ್ತಿದ್ದ. ನನ್ನ ಕೈಗಳಿಗೆ ಅವನನ್ನು ಉಜ್ಜುವ ಆಸೆ. ಹೇಳುವ ಹಾಗಿಲ್ಲ.

ಒಂದು ಬೆಳಗ್ಗೆ ಪಿಳ್ಳಮ್ಮ ಕಾಲು ಚಾಚಿ ಕುಳಿತವರು ತಲೆ ಎತ್ತದೆಯೇ ಹೇಳಿದರು. "ತಲೆ ತುಂಬ ಕೊಬ್ರಿ ಎಣ್ಣೆ ಬಳ್ಕಂಡು ಫ್ಯಾಕ್ಟ್ರಿಗೆ ಓಗ್ತೀಯಾ. ನಿನ್ ಮಡಿ ಯಾವತ್ತೋ ಬಿಟ್ಟೈತೆ ಅಂತ ನಂಗೊತ್ತಿಲ್ವೇನೇ? ನಾನೂ ಕಳ್ಳಿ, ಗೊತ್ತಿದ್ದೂ ಸುಮ್ಕಿದ್ದೆ. ಬಾ ಇಲ್ಲಿ. ಈ ಕಾಲು ನೀನ್ ಉಜ್ಜು, ಆ ಕಾಲು ನಾನ್ ಉಜ್ತೀನಿ."

ನಾನು ಅವರ ಎದುರಿಗೆ ಕುಳಿತು ಎಣ್ಣೆಯಲ್ಲಿ ಕೈ ಅದ್ದಿದೆ. ಅವನು ಎಣ್ಣೆ ಕಂಡರೆ ಎದ್ದು ಓಡುವಷ್ಟು ದೊಡ್ಡವನಾಗುವವರೆಗೂ ನಾವಿಬ್ಬರೂ ಹಾಗೆಯೇ ಎದುರುಬದುರು ಕುಳಿತು ಒಂದೊಂದು ಕಾಲು ಹಂಚಿಕೊಂಡೆವು. ಆಮೇಲೆ ಎಷ್ಟೋ ಹಲಗೆಗಳಿಗೆ ಡ್ರಾಯಿಂಗ್ ಬರೆದೆ, ಅವುಗಳ ಲೆಕ್ಕವೆಲ್ಲ ಮರೆತಿದೆ. ಪಿಳ್ಳಮ್ಮ ಈಗಿಲ್ಲ. ಬಸು ಯಾರಿಗಾದರೂ ತನ್ನ ಬಾಲ್ಯದ ಮಾತು ಹೇಳುವಾಗ "ನನ್ನ ಇಬ್ಬರು ಅಮ್ಮಂದಿರು" ಎನ್ನುತ್ತಾನೆ. ಅವನು ಹಾಗೆ ಅಂದಾಗಲೆಲ್ಲ ನನಗೆ ಅವರು ಕೇಳಿಸಿಕೊಳ್ಳಬೇಕಿತ್ತು ಎನಿಸುತ್ತದೆ.