ಯಲಹಂಕದಿಂದ ಕೇವಲ ಆರು ಕಿಲೋಮೀಟರ್

2013ರಲ್ಲಿ ನಾನು ಯಲಹಂಕದಲ್ಲಿ ಸೈಟ್ ಬ್ರೋಕರ್ ಆಗಿದ್ದೆ. ಒಂದು ಮೇಜು, ಎರಡು ಕುರ್ಚಿ ಹಾಕಿಕೊಂಡು ಶುರು ಮಾಡಿದ ಕಚೇರಿಗೆ ಹತ್ತು ವರ್ಷ ತುಂಬಿತ್ತು, ನನಗೆ ನಲವತ್ತೇಳು. ರಾಜಾನುಕುಂಟೆಯ ಹತ್ತಿರದ ಒಂದು ಬಡಾವಣೆಯ ಸೈಟುಗಳನ್ನು ಮಾರಿಸಿಕೊಡುವುದೇ ಮುಖ್ಯ ಕೆಲಸ. ಒಂದು ದಿನ ಅಲ್ಲಿ ಕಾರ್ನರ್ ಸೈಟ್ ತೋರಿಸುವಾಗ ನನಗೆ ಏದುಸಿರು ಬಂತು. ನನಗಿಂತ ಹಿರಿಯರಾದ ಗಿರಾಕಿಯೇ, “ನೀವು ಕೂತ್ಕೊಳ್ಳಿ, ನಾವೇ ನೋಡ್ಕೊಂಡ್ ಬರ್ತೀವಿ” ಅಂದರು. ಅವಮಾನವಾಯಿತು. ಆ ವಾರವೇ ಓಡುವುದನ್ನು ಕಲಿಯಲು ರಂಗಸ್ವಾಮಿ ಮೇಷ್ಟ್ರ ಬಳಿ ಹೋದೆ.

ಮೇಷ್ಟ್ರು ನಿವೃತ್ತ ದೈಹಿಕ ಶಿಕ್ಷಕರು. ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಆಸಕ್ತರಿಗೆ ಓಟ ಹೇಳಿಕೊಡುತ್ತಿದ್ದರು. ವಾರಕ್ಕೆ ಐದು ದಿನ ಓಡಬೇಕು ಅಂದರು, ನಾನು ಮೂರು ಅಂದೆ. ಎಳೆದಾಡಿ ನಾಲ್ಕಕ್ಕೆ ಇಳಿಸಿ ಹೆಮ್ಮೆಯಿಂದ ಮನೆಗೆ ಬಂದೆ. ಅವರಿಗೆ ಬೇಕಾಗಿದ್ದದ್ದೇ ನಾಲ್ಕು ದಿನ ಎಂದು ಆಮೇಲೆ ಗೊತ್ತಾಯಿತು. ಇಂಥವರ ಹತ್ತಿರ ವ್ಯವಹಾರ ಮಾಡಲು ಖುಷಿಯಾಗುತ್ತದೆ.

ಗುರಿ ಫುಲ್ ಮ್ಯಾರಥಾನ್, ಅಂದರೆ 42.195 ಕಿಲೋಮೀಟರ್. ಆರೂವರೆ ಗಂಟೆಯೊಳಗೆ ಮುಗಿಸಬೇಕು. ಅದನ್ನು ಕಟ್ ಆಫ್ ಅನ್ನುತ್ತಾರೆ. ಅಷ್ಟರೊಳಗೆ ಬರಬೇಕಾದರೆ ಒಂದು ಕಿಲೋಮೀಟರಿಗೆ ಒಂಬತ್ತೂಕಾಲು ನಿಮಿಷಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ.

ನಾನು ಕಚೇರಿಯಿಂದ ಬಡಾವಣೆಯ ಗೇಟಿನವರೆಗೆ ಓಡಿ ಹಿಂತಿರುಗುತ್ತಿದ್ದೆ. ಹೋಗಲು ಆರು, ಬರಲು ಆರು, ಒಟ್ಟು ಹನ್ನೆರಡು ಕಿಲೋಮೀಟರ್. ನಾಲ್ಕು ತಿಂಗಳ ನಂತರವೂ ಅದಕ್ಕೆ ಎರಡು ಗಂಟೆ ಇಪ್ಪತ್ನಾಲ್ಕು ನಿಮಿಷ ಹಿಡಿಯುತ್ತಿತ್ತು. ಮೇಷ್ಟ್ರು ಲೆಕ್ಕ ಹಾಕಿ ತಲೆಯಾಡಿಸಿದರು.

“ಕಿಲೋಮೀಟರಿಗೆ ಹನ್ನೆರಡು ನಿಮಿಷ ಆಯ್ತು ಕಣ್ರೀ ನಾಗರಾಜ್. ನೀವು ಬಂದು ಸೇರೋ ಹೊತ್ತಿಗೆ ಶಾಮಿಯಾನದವ್ರು ಕಂಬ ಕಿತ್ಕೊಂಡು ಮನೆಗ್ ಹೋಗಿರ್ತಾರೆ. ಹಾಫ್ ಓಡಿ, ಸಾಕು.”

ಎರಡು ದಿನ ಊಟ ಸೇರಲಿಲ್ಲ. ಫುಲ್‌ಗೆ ಕೊಟ್ಟಿದ್ದ ಹೆಸರನ್ನು ಹಾಫ್ ಮ್ಯಾರಥಾನಿಗೆ ಬದಲಾಯಿಸಿಕೊಳ್ಳಲು ಶನಿವಾರದವರೆಗೆ ಮಾತ್ರ ಅವಕಾಶವಿತ್ತು.

ಬುಧವಾರ ಸ್ಕೂಟರನ್ನು ಸರ್ವೀಸಿಗೆ ಬಿಟ್ಟಿದ್ದೆ. ಮೆಕ್ಯಾನಿಕ್ ನಾನು ಕೇಳದೆಯೇ, ವರ್ಷಗಳಿಂದ ತುಂಡಾಗಿದ್ದ ಮೀಟರ್ ಕೇಬಲ್ ಬದಲಾಯಿಸಿದ್ದ. ಮರುದಿನ ಕಚೇರಿಯಿಂದ ಬಡಾವಣೆಗೆ ಹೋಗಿ ಗಾಡಿ ನಿಲ್ಲಿಸಿದಾಗ ಮೀಟರ್ ಒಂಬತ್ತು ಕಿಲೋಮೀಟರ್ ಮುಂದೆ ಹೋಗಿತ್ತು. ಮೊದಲು ಮೆಕ್ಯಾನಿಕ್ಕನ್ನೇ ಬೈದೆ. ಸ್ನೇಹಿತನ ಕಾರಿನಲ್ಲಿ ಇನ್ನೊಮ್ಮೆ ಹೋಗಿ ನೋಡಿದೆ. ಆಗಲೂ ಒಂಬತ್ತೇ.

ಹಾಗಾದರೆ ಆರು ಎಂದು ಹೇಳಿದ್ದು ಯಾರು? ನಾನೇ. ಮೊದಲ ವರ್ಷ ಗಿರಾಕಿಗಳಿಗೆ ಒಂಬತ್ತು ಅನ್ನುತ್ತಿದ್ದೆ. ಮುಖ ಸಪ್ಪಗಾಗುವುದನ್ನು ನೋಡಿ ಎಂಟು ಮಾಡಿದೆ, ಏಳು ಮಾಡಿದೆ, ಕೊನೆಗೆ ಗೇಟಿನ ಬೋರ್ಡಿನ ಮೇಲೆ ‘ಯಲಹಂಕದಿಂದ ಕೇವಲ 6 ಕಿ.ಮೀ.’ ಎಂದು ಬರೆಸಿದೆ. ಭಾನುವಾರ ಬೆಳಿಗ್ಗೆ ರಸ್ತೆ ಖಾಲಿ ಇರುವಾಗ, ಮಾತಾಡಿಸುತ್ತಾ ಕರೆದುಕೊಂಡು ಹೋದರೆ ಯಾರಿಗೂ ದೂರ ಗೊತ್ತಾಗುವುದಿಲ್ಲ. ಹೇಳಿ ಹೇಳಿ ನಾನೇ ನಂಬಿದ್ದೆ. ನಾನು ಓಡುತ್ತಿದ್ದದ್ದು ಹದಿನೆಂಟು ಕಿಲೋಮೀಟರ್, ಅದೂ ಕಿಲೋಮೀಟರಿಗೆ ಎಂಟೇ ನಿಮಿಷದಂತೆ!

ಕುಣಿಯಬೇಕಾದ ಸುದ್ದಿ. ಆದರೆ ಅದೇ ಬಡಾವಣೆಯಲ್ಲಿ ಮೇಷ್ಟ್ರೂ ನನ್ನ ಮೂಲಕ ಸೈಟಿಗೆ ಅಡ್ವಾನ್ಸ್ ಕೊಟ್ಟಿದ್ದರು. ಮನೆ ಕಟ್ಟಿಕೊಂಡು, ದಿನವೂ ಆರು ಕಿಲೋಮೀಟರ್ ಸೈಕಲ್ ತುಳಿದು ಮೈದಾನಕ್ಕೆ ಬರುವುದು ಅವರ ಯೋಜನೆ. ಮುಂದಿನ ವಾರ ಅಗ್ರಿಮೆಂಟ್. ನಿಜ ಹೇಳಿದರೆ ನನ್ನ ಮ್ಯಾರಥಾನ್ ಉಳಿಯುತ್ತದೆ, ಸೈಟು ಹೋಗುತ್ತದೆ. ಸುಮ್ಮನಿದ್ದರೆ ಸೈಟು ಉಳಿಯುತ್ತದೆ, ನಾನು ಹಾಫ್ ಓಡಬೇಕು. ಎರಡನ್ನೂ ಉಳಿಸಿಕೊಳ್ಳಲು ಬೇರೆ ದಾರಿಯಲ್ಲಿ ಓಡಿ ತೋರಿಸೋಣವೇ ಎಂದೂ ಯೋಚಿಸಿದೆ. ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೆ ಅರವತ್ತು ದಾಟಿದ ಮನುಷ್ಯ ಎದುರುಗಾಳಿಯಲ್ಲಿ ದಿನಕ್ಕೆ ಹದಿನೆಂಟು ಕಿಲೋಮೀಟರ್ ತುಳಿಯುವ ಚಿತ್ರ ಕಣ್ಣ ಮುಂದೆ ಬಂತು. ಆ ಏರುದಾರಿಯ ಒಂದೊಂದು ತಿರುವೂ ನನ್ನ ಮೊಣಕಾಲಿಗೆ ಗೊತ್ತಿತ್ತು.

ಶುಕ್ರವಾರ ಮೈದಾನಕ್ಕೆ ಹೋಗಿ ಹೇಳಿಬಿಟ್ಟೆ. ಮೇಷ್ಟ್ರು ಬೆರಳು ಮಡಚಿ ಮೊದಲು ನನ್ನ ಲೆಕ್ಕ ಮಾಡಿದರು.

“ಎಂಟು ನಿಮಿಷ. ಫುಲ್ ಓಡ್ತೀರಿ.” ಮಡಚಿದ ಬೆರಳು ಬಿಡಿಸಿ, “ಸೈಟ್ ಬೇಡ. ಅಡ್ವಾನ್ಸ್ ವಾಪಸ್ ಕೊಡ್ಸಿ.”

“ಬೇರೆ ಹತ್ರದ್ದು ತೋರಿಸ್ಲಾ ಮೇಷ್ಟ್ರೇ?”

“ನಿಮ್ ಹತ್ರ ಅಂದ್ರೆ ಎಷ್ಟು ದೂರ ಅಂತ ಈಗ ಗೊತ್ತಾಯ್ತಲ್ಲ. ಹೋಗಿ, ನಾಲ್ಕು ಸುತ್ತು ಓಡಿ.”

ಓಡಿದೆ. ಅಡ್ವಾನ್ಸನ್ನು ಅವತ್ತೇ ವಾಪಸ್ ಕೊಡಿಸಿದೆ. ಮರುದಿನ ಪೇಂಟರನ್ನು ಕರೆಸಿ ಬೋರ್ಡಿನ ಆರನ್ನು ಒಂಬತ್ತು ಮಾಡಿಸಿದೆ.

ಓಟದ ದಿನ ಮೂವತ್ತನಾಲ್ಕನೇ ಕಿಲೋಮೀಟರಿನಲ್ಲಿ ಕಾಲುಗಳು ಕಲ್ಲಾದವು. ನೀರು ಕೊಡುತ್ತಿದ್ದ ಹುಡುಗಿ, “ಇಲ್ಲೇ ಅಂಕಲ್, ಬಂದೇ ಬಿಡ್ತು” ಅಂದಳು. ಪಕ್ಕದ ಫಲಕದಲ್ಲಿ ಇನ್ನೂ ಎಂಟು ಕಿಲೋಮೀಟರ್ ಬಾಕಿ ಇತ್ತು. ಅವಳ ಮೇಲೆ ಕೋಪ ಬರಲಿಲ್ಲ, ನನ್ನ ಗಿರಾಕಿಗಳೆಲ್ಲ ನೆನಪಾದರು. ಫಲಕವನ್ನಷ್ಟೇ ನಂಬಿ ಓಡಿದೆ, ನಡೆದೆ, ಮತ್ತೆ ಓಡಿದೆ. ಆರು ಗಂಟೆ ಹನ್ನೆರಡು ನಿಮಿಷಕ್ಕೆ ಮುಗಿಸಿದೆ. ಶಾಮಿಯಾನ ಇನ್ನೂ ಇತ್ತು.

ತಿಂಗಳ ನಂತರ ಮೇಷ್ಟ್ರು ತಮ್ಮ ನಾದಿನಿಯನ್ನು ಕಚೇರಿಗೆ ಕರೆತಂದರು. ಆಕೆಗೂ ಒಂದು ಸೈಟು ಬೇಕಿತ್ತು. ಬಡಾವಣೆ ಎಷ್ಟು ದೂರ ಎಂದು ಆಕೆ ಕೇಳಿದರು.

“ಒಂಬತ್ತು ಕಿಲೋಮೀಟರ್ ಅಮ್ಮ. ಬಸ್ ಇಳಿದ ಮೇಲೆ ಒಳಗೆ ಹನ್ನೆರಡು ನಿಮಿಷ ನಡೀಬೇಕು. ಕೈಯಲ್ಲಿ ಬ್ಯಾಗಿದ್ರೆ ಹದಿನೈದು.”

ಆಕೆ ಅನುಮಾನದಿಂದ ಮೇಷ್ಟ್ರ ಕಡೆ ನೋಡಿದರು. “ನಂಬಬೋದು ಕಣಮ್ಮ,” ಅಂದರು ಮೇಷ್ಟ್ರು. “ಕಾಲಲ್ಲಿ ಅಳೆದಿದ್ದಾರೆ.”

ಆಕೆ ಸೈಟು ತೆಗೆದುಕೊಂಡರು. ಚೌಕಾಸಿಯನ್ನು ನಾನು ಇಂದಿಗೂ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಬೆಲೆಯಲ್ಲಿ ಎಷ್ಟು ಬೇಕಾದರೂ ಎಳೆದಾಡಿ. ದೂರದಲ್ಲಿ ಮಾತ್ರ ಬೇಡ. ನಾವು ಬಾಯಲ್ಲಿ ಕಡಿಮೆ ಮಾಡಿದ್ದನ್ನು ಯಾರಾದರೊಬ್ಬರು ದಿನವೂ ನಡೆದೇ ತೀರಿಸಬೇಕಾಗುತ್ತದೆ.