ಗೋತ್ರ ಗೊತ್ತಿಲ್ಲದವರ ಋಷಿ

ದಿನಕ್ಕೆ ಮೂರು ಸಲ ಸಂಧ್ಯಾವಂದನೆಯಲ್ಲಿ ಕಿವಿ ಮುಟ್ಟಿಕೊಂಡು ಮೂವರು ಋಷಿಗಳ ಹೆಸರು ಹೇಳಿ ನಮಸ್ಕಾರ ಮಾಡುತ್ತೇನೆ: ಆಂಗಿರಸ, ಬಾರ್ಹಸ್ಪತ್ಯ, ಭಾರದ್ವಾಜ. ಉಪನಯನದಲ್ಲಿ ಅಪ್ಪ ಬಾಯಿಪಾಠ ಮಾಡಿಸಿದ್ದು. ನಿಜ ಹೇಳಬೇಕೆಂದರೆ, ಆ ಮಹನೀಯರು ಎದುರಿಗೆ ಬಂದು ನಿಂತರೂ ಗುರುತು ಹಿಡಿಯಲಾರೆ. ಆದರೆ ಅವರ ವಂಶದವನೆಂಬ ಜಂಬಕ್ಕೇನೂ ಕಡಿಮೆಯಿರಲಿಲ್ಲ.

ಮೂವತ್ತರ ದಶಕದ ಮಾತು. ಮಳವಳ್ಳಿಯಲ್ಲಿ ಮೇಷ್ಟರಾಗಿದ್ದ ನಾನು, ಅರ್ಚಕನಾದ ಅಣ್ಣ ಮದ್ದೂರಿಗೆ ಹೋದಾಗಲೆಲ್ಲ ದೇವಸ್ಥಾನದ ಪೂಜೆ ನೋಡಿಕೊಳ್ಳುತ್ತಿದ್ದೆ. ಹಾಗೊಂದು ಬೆಳಿಗ್ಗೆ ಪೂರಿಗಾಲಿಯಿಂದ ಕೆಂಪಮ್ಮ ಎಂಬ ಒಕ್ಕಲಗಿತ್ತಿ ನಡೆದೇ ಬಂದಳು. ಮಗಳಿಗೆ ಹೆರಿಗೆ ನೋವು ಶುರುವಾಗಿ ಎರಡು ದಿನವಾದರೂ ಕೂಸು ಹೊರಬಂದಿಲ್ಲ. ಅವಳ ಹೆಸರಿನಲ್ಲಿ ಅರ್ಚನೆಯಾಗಬೇಕು.

"ಗೋತ್ರ?" ಎಂದೆ.

"ನಾ ಕಾಣೆ ಬುದ್ಧಿ."

"ಗೋತ್ರವಿಲ್ಲದೆ ಸಂಕಲ್ಪ ಹೇಗಮ್ಮ? ಊರಲ್ಲಿ ಕೇಳಿಕೊಂಡು ಬಾ."

ಪಾಠ ಒಪ್ಪಿಸದವರನ್ನು ಮನೆಗೆ ಅಟ್ಟುವ ಮೇಷ್ಟರ ಬುದ್ಧಿ, ಇನ್ನೇನು!

"ನಾ ಓಗ್ಬರಾಗಂಟ ನನ್ ಮಗ್ಳು ಇರ್ತಾಳಾ ಸಾಮಿ? ಗೋತ್ರ ಇಲ್ದೋರ್ನ ಕೇಳೋರೇ ಇಲ್ವಾ?" ಎಂದವಳೇ ಅತ್ತುಬಿಟ್ಟಳು.

ನನಗೆ ನಾಚಿಕೆಯಾಯಿತು. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಹೇಳುವ ಪದ್ಧತಿಯುಂಟಲ್ಲ, ಅದು ಆಗ ನೆನಪಾಯಿತು.

"ಅಳಬೇಡಮ್ಮ. ಕಶ್ಯಪರು ಅಂತ ಒಬ್ಬ ಋಷಿ ಇದ್ದಾರೆ. ನಿನ್ನ ಮಗಳು ಅವರ ಗೋತ್ರ."

"ಅವ್ರು ಒಪ್ತಾರಾ ಬುದ್ಧಿ?"

ಅಯ್ಯೋ, ಇಂಥ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಪುರಾಣದ ಪ್ರಕಾರ ದೇವತೆಗಳು, ಅಸುರರು, ಹಾವು, ಹದ್ದು ಎಲ್ಲ ಆ ಪುಣ್ಯಾತ್ಮರ ಸಂಸಾರವೇ. ಅಷ್ಟೊಂದು ಜಗಳಗಂಟ ಮಕ್ಕಳನ್ನು ಸಾಕಿದ ಅಪ್ಪ, ನೋವು ತಿನ್ನುತ್ತಿರುವ ಒಬ್ಬ ಹೆಣ್ಣುಮಗಳನ್ನು ಬೇಡವೆಂದಾರೆಯೇ?

"ಒಪ್ಪುತ್ತಾರೆ. ನಾವೆಲ್ಲ ಅವರ ಮಕ್ಕಳೇ ಕಣಮ್ಮ" ಎಂದುಬಿಟ್ಟೆ, ಅವರ ಪರವಾಗಿ. ಕಾಶ್ಯಪ ಗೋತ್ರವೆಂದೇ ಸಂಕಲ್ಪ ಹೇಳಿ ಅರ್ಚನೆ ಮಾಡಿದೆ. ಅಂದು ಮೊದಲ ಬಾರಿಗೆ ಒಬ್ಬ ಋಷಿಯನ್ನು ನಾನು ನಿಜವಾಗಿ ಕರೆದಿದ್ದೆ.

ಮಗಳು ಉಳಿದಳು. ಎರಡು ತಿಂಗಳಾದ ಮೇಲೆ ಕೆಂಪಮ್ಮ ಮೊಮ್ಮಗಳನ್ನು ಎತ್ತಿಕೊಂಡು ಬಂದಳು. ಅಂದೂ ಅಣ್ಣ ಊರಲ್ಲಿರಲಿಲ್ಲ; ಪೂಜೆಗೆಂದು ನಾನು ಆಗತಾನೆ ಮಿಂದು, ಮಡಿಯುಟ್ಟು, ಯಾರನ್ನೂ ಸೋಕದಂತೆ ದೂರ ನಿಂತಿದ್ದೆ.

"ಆ ತಾತನ್ನ ಎಲ್ಲಿ ಮಡಗಿದ್ದೀರಿ ಬುದ್ಧಿ? ಕೂಸ್ನ ಅವ್ರ ಕಾಲ್ಗೆ ಆಕ್ಬೇಕು."

ಕಶ್ಯಪರ ವಿಗ್ರಹ ನಮ್ಮಲ್ಲಿಲ್ಲವೆಂದೆ.

"ಎಲ್ಲಾರೂ ಅವ್ರ ಮಕ್ಳು ಅಂದ್ರಲ್ಲ? ಅಂಗಾರೆ ನೀವು ಇದ್ಕೆ ಸ್ವಾದರಮಾವ. ಇಡ್ಕಳಿ" ಎಂದು ಕೂಸನ್ನು ನನ್ನ ಕೈಗೆ ಕೊಟ್ಟೇಬಿಟ್ಟಳು.

ಅದು ನನ್ನ ಜನಿವಾರವನ್ನು ಮುಷ್ಟಿಯಲ್ಲಿ ಹಿಡಿದು ಬಾಯಿಗಿಟ್ಟುಕೊಂಡಿತು. ಬಿಡಿಸಿಕೊಳ್ಳಲು ಮನಸ್ಸು ಬರಲಿಲ್ಲ. ಅವತ್ತು ಮತ್ತೆ ಸ್ನಾನ ಮಾಡದೆಯೇ ಮಂಗಳಾರತಿ ಎತ್ತಿದೆ. ಅಣ್ಣನಿಗೆ ಮಾತ್ರ ಇವತ್ತಿಗೂ ಹೇಳಿಲ್ಲ.