ಗೋಲಿ ಡಬ್ಬಿಯ ಜಾಗ

ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಬಿಟ್ಟ ಮೇಲೆ ಅವರಿಗೆ ಬೀದಿಯವರು ಇಟ್ಟ ಹೆಸರು ಅಂಗಡಿ ಮಾವ, ಮಾರುವುದು ಮಾತ್ರ ಏನೂ ಇಲ್ಲ. ಚಿಕ್ಕಂದಿನಲ್ಲಿ ಶಾಲೆಯ ಎದುರಿಗಿದ್ದು, ಎಂದೋ ಮುಚ್ಚಿಹೋದ ಆಟಿಕೆ ಅಂಗಡಿಯನ್ನು ಅವರು ರಟ್ಟು, ಗೋಂದು, ಬೆಂಕಿಪೊಟ್ಟಣಗಳಲ್ಲಿ ಮೊಳದಷ್ಟು ಉದ್ದಕ್ಕೆ ಮತ್ತೆ ಕಟ್ಟುತ್ತಿದ್ದಾರೆ. "ಮನೇಲಿ ಒಂದು ಮೊಳೆ ಹೊಡೆದವರಲ್ಲ" ಎಂದು ಹೆಂಡತಿ ಗೊಣಗಿದರೆ, "ಇದಕ್ಕೆ ಮೊಳೆ ಬೇಡ ಕಣೇ, ಗೋಂದು ಸಾಕು" ಎನ್ನುತ್ತಾರೆ. ಅಕ್ಕಿಕಾಳಿನಷ್ಟು ಬುಗುರಿಗೆ ದಾರ ಸುತ್ತುವಾಗ ಮನೆಯಲ್ಲಿ ಫ್ಯಾನ್ ಹಾಕುವಂತಿಲ್ಲ, ಸೀನು ಬಂದವರು ಹಿತ್ತಿಲಿಗೆ ಓಡಬೇಕು. ಕಪಾಟಿನ ಬಣ್ಣ, ಒಡೆದ ಮೆಟ್ಟಿಲು, ತಾವೂ ಅಕ್ಕನೂ ಗಾಜಿಗೆ ಒತ್ತಿ ನಿಂತ ಎರಡು ಮೂಗಿನ ಗುರುತು, ಎಲ್ಲವೂ ಕರಾರುವಾಕ್ಕು. ಗೋಲಿ ಡಬ್ಬಿಯನ್ನು ಮಾತ್ರ ತಪ್ಪಾಗಿ ಬಲಗಡೆ ಇಡುತ್ತಾರೆ. ಅದು ಇದ್ದದ್ದು ಎಡಗಡೆ ಎಂದು ಅವರಿಗೆ ಚೆನ್ನಾಗಿ ಗೊತ್ತು. ಪ್ರತಿ ಭಾನುವಾರ ಅಂಗಡಿಯನ್ನು ಎತ್ತಿಕೊಂಡು ಹೋಗಿ, ಮರೆವಿನ ಕಾಯಿಲೆಯ ಅಕ್ಕನ ಮುಂದಿಟ್ಟು ತಲೆ ಬಗ್ಗಿಸಿ ಕೂರುತ್ತಾರೆ. ಹೆತ್ತ ಮಕ್ಕಳನ್ನೇ ಯಾರೆಂದು ಕೇಳುವ ಅಕ್ಕ, "ಏನೋ ಪೆದ್ದ, ಗೋಲಿ ಡಬ್ಬಿ ಆ ಕಡೆ ಅಲ್ವೇನೋ" ಎಂದು ತಮ್ಮನ ನೆತ್ತಿಗೆ ಮೊಟಕಿ, ಡಬ್ಬಿಯನ್ನು ಎಡಕ್ಕೆ ಸರಿಸುತ್ತಾಳೆ. ಸೋಮವಾರ ಅದು ಮತ್ತೆ ಬಲಕ್ಕೆ ಬರುತ್ತದೆ. ಹೋದ ಭಾನುವಾರ ಆಕೆ ತುಂಬ ಹೊತ್ತು ನೋಡಿ, ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡು, "ಚೆನ್ನಾಗಿದೆ ಸ್ವಾಮಿ, ಎಲ್ಲಾ ಸರಿಯಾಗಿದೆ" ಎಂದಳು. ಮೊಟಕಿಗೆಂದು ಬಗ್ಗಿಸಿದ್ದ ತಲೆಯನ್ನು ಅಂಗಡಿ ಮಾವ ಬಹಳ ಹೊತ್ತು ಎತ್ತಲಿಲ್ಲ.